ಮೇಲೆ ಹದ್ದು, ಕೆಳಗೆ ಪಾಚಿ

ಭದ್ರಾವತಿಯಲ್ಲಿರುವ ತಂಗಿಯ ಮಗಳಿಗೆ ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದರು: ಬೇಟೆಹಕ್ಕಿಯನ್ನೂ ಸಿಹಿನೀರಿನ ಪಾಚಿಯನ್ನೂ ಹೋಲಿಸಿ. ‘ಎರಡಕ್ಕೂ ಜೀವ ಇದೆ’ ಎಂದು ಬರೆದು ಮಗು ಆಟಕ್ಕೆ ಹೊರಟಿತ್ತು. ಆದರೆ ಶಿವಮೊಗ್ಗದಲ್ಲಿ ಬಿಎಸ್ಸಿ ಓದಿದ ಸೋದರಮಾವನೊಬ್ಬ ಇದ್ದಾನಲ್ಲ, ಅವನು ಬಿಡಬೇಕಲ್ಲ! ಭಾನುವಾರ ಬಸ್ ಹತ್ತಿದೆ. ತಂಗಿ ಹೇಳಿದ್ದ ಬಂಗುಡೆ ಮೀನನ್ನು ಕವರಿನಲ್ಲಿ ಹಿಡಿದುಕೊಂಡೇ ಹುಡುಗಿಯನ್ನು ಭದ್ರಾ ಹೊಳೆಯ ಮೆಟ್ಟಿಲಿಗೆ ಕರೆದೊಯ್ದೆ.

“ನೋಡು ಪುಟ್ಟಿ, ಬಿಸಿಲಿಗೆ ನೆಲ ಕಾದರೆ ಗಾಳಿ ಮೇಲೇಳ್ತದೆ. ಹದ್ದು ಅದರಲ್ಲಿ ರೆಕ್ಕೆ ಬಡಿಯದೇ ಸುತ್ತುತ್ತಾ ಏರ್ತದೆ. ಇನ್ನು ಈ ಸ್ಪೈರೋಗೈರಾ. ಬಿಸಿಲು ಬಿದ್ದರೆ ಇದು ಆಮ್ಲಜನಕ ಬಿಡ್ತದೆ. ಆ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಇಡೀ ಪಾಚಿಮುದ್ದೆಯನ್ನೇ ನೀರಿನ ಮೇಲಕ್ಕೆ ಎತ್ತುತ್ತವೆ. ಒಂದೊಂದು ಜೀವಕೋಶದೊಳಗೂ ಹಸಿರು ಪಟ್ಟಿ ಸುರುಳಿ ಸುತ್ತಿಕೊಂಡಿರ್ತದೆ. ಹದ್ದೂ ಸುರುಳಿ, ಪಾಚಿಯೂ ಸುರುಳಿ!”

“ಅಂದ್ರೆ ಎರಡೂ ಬಿಸಿಲು ಏರಿದ ಮೇಲೇ ಏಳೋದು, ಮೈ ಬಗ್ಗಿಸದೇ ಮೇಲೆ ಬರೋದು. ಅಮ್ಮ ನಿಮ್ಮ ಬಗ್ಗೆನೂ ಇದನ್ನೇ ಹೇಳ್ತಿರ್ತಾಳೆ ಮಾವ.”

ಕೇಳಿಸದವನ ಹಾಗೆ ಪಾಠ ಮುಂದುವರಿಸಿದೆ. ಗರುಡನಿಗೆ ತಲೆ ಎದೆ ಬಿಳಿ, ಮೈ ಕಂದು. ಹದ್ದಿನ ಬಾಲ ಕವಲು. ಆ ಕವಲನ್ನು ತೋರಿಸಲೆಂದು ಕೈ ಎತ್ತಿದೆ, ಬಂಗುಡೆಯ ಕವರಿದ್ದ ಕೈಯನ್ನು. ಮನುಷ್ಯರ ಕೈಯಿಂದ ತಿಂಡಿ ಕಸಿಯುವುದರಲ್ಲಿ ಹದ್ದು ಪಳಗಿದ ಹಕ್ಕಿ ಎಂಬುದು ನನಗೆ ಗೊತ್ತಿತ್ತು. ಪಾಠದಲ್ಲಿ ಅದು ಮುಂದಿನ ಅಂಶವಾಗಿತ್ತು. ಕವರು ಹರಿಯಿತು. ಹದ್ದು ಒಂದು ಬಂಗುಡೆ ಎತ್ತಿಕೊಂಡಿತು; ಸಮುದ್ರದಲ್ಲಿ ಹುಟ್ಟಿದ ಉಳಿದವು ಭದ್ರೆಗೆ ಬಿದ್ದವು. ನಾನು ಹಿಂದಕ್ಕೆ ಇಟ್ಟ ಹೆಜ್ಜೆ ಪಾಚಿಯ ಮೇಲಿತ್ತು.

ಮೊಣಕಾಲುದ್ದ ನೀರಿನಲ್ಲಿ ಈಜಾಡುತ್ತಿದ್ದ ನನ್ನನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು “ಎದ್ದು ನಿಂತ್ಕೊಳ್ಳಿ ಸಾರ್, ಸಾಕು” ಎಂದು ಕಾಪಾಡಿದರು. ಎಡಗಾಲಿನ ಚಪ್ಪಲಿ ತೇಲಿಹೋಯಿತು. ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಸಂಗಮಸ್ನಾನದ ಪುಣ್ಯ ಪಡೆದಿರಬೇಕು. ಅದರ ಜೋಡಿ ಮಾತ್ರ ನನ್ನೊಂದಿಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸಾಯಿತು.

“ಮೀನೆಲ್ಲಿ ಅಣ್ಣಾ?” ಎಂದಳು ತಂಗಿ.

“ಹೊಳೇಲಿದೆ” ಎಂದೆ. ಸುಳ್ಳೇನಲ್ಲ.

ಹುಡುಗಿ ಆ ರಾತ್ರಿಯೇ ಹಳೇ ಉತ್ತರ ಹೊಡೆದುಹಾಕಿ ಹೊಸದು ಬರೆದಳಂತೆ. ಹದ್ದಿಗೆ ಚುರುಕುಗಣ್ಣು, ಚೂಪು ಉಗುರು, ವೇಗ ಎಲ್ಲ ಇದ್ದೂ ಸಿಕ್ಕಿದ್ದು ಒಂದು ಬಂಗುಡೆ. ಪಾಚಿ ಇದ್ದಲ್ಲೇ ಇದ್ದು 78 ಕಿಲೋ ಮಾವನನ್ನು ಕೆಡವಿತು. ಆದ್ದರಿಂದ ಉತ್ತಮ ಬೇಟೆಗಾರ ಪಾಚಿ.

ಟೀಚರ್ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.