ನಮ್ಮ ಚಿತ್ರಮಂಜರಿ ಭಾವ

ಹುಣಸೂರಿನ ನನ್ನ ಅಕ್ಕನ ಮನೆಯಲ್ಲಿ ಕಾಫಿ ಸಿಗಬೇಕಾದರೆ ಮೊದಲು ಭಾವನ ಪರೀಕ್ಷೆ ಪಾಸಾಗಬೇಕು. ಬಂದವರನ್ನು ಸೋಫಾದಲ್ಲಿ ಕೂರಿಸಿ, ಎದುರಿಗೆ ತಾವೂ ಕೂತು, ಕಣ್ಣು ಮುಚ್ಚಿ, ತುಟಿ ಬಿಗಿದು ಮೂಗಿನಲ್ಲೇ ಒಂದು ರಾಗ ಎಳೆಯುತ್ತಾರೆ. ಬಲಗೈ ಸೋಫಾದ ಮೇಲೆ ತಬಲಾ ಬಾರಿಸುತ್ತಿರುತ್ತದೆ. ಮುಗಿಸಿ, ಒಂದೇ ಒಂದು ಕಣ್ಣು ತೆರೆದು, "ಯಾವುದು ಹೇಳು ನೋಡಾನ?" ಅನ್ನುತ್ತಾರೆ.

ನಾನು "ಮಾಲ್ಗುಡಿ ಡೇಸ್" ಅನ್ನುತ್ತೇನೆ. ಅವರು ಏನು ಎಳೆದರೂ ನನ್ನ ಉತ್ತರ ಅದೇ. ಬಹಳ ಸಲ ಸರಿಯಾಗುತ್ತದೆ, ಯಾಕೆಂದರೆ ಎಲ್. ವೈದ್ಯನಾಥನ್ ಮಾಡಿದ ಆ ಶೀರ್ಷಿಕೆ ಸಂಗೀತದ ಮೇಲೆ ಭಾವನಿಗೆ ವಿಪರೀತ ಮೋಹ. ಸರಿಯಾಗದ ದಿನ ಕಾಫಿ ತಡ. ಅವತ್ತು ಅವರು ಎಳೆದದ್ದು ದೂರದರ್ಶನದ ವಾರ್ತೆಯ ಸಂಗೀತವೋ, ನಿರ್ಮಾ ಪುಡಿಯ ಜಾಹೀರಾತೋ ಆಗಿರುತ್ತದೆ. ಬೆಳಗ್ಗೆ ಆಕಾಶವಾಣಿ ಶುರುವಾಗುವ ರಾಗವಾದರೆ ಉಪಪ್ರಶ್ನೆಯೂ ಉಂಟು: "ಅದನ್ನ ಮಾಡಿದ್ಯಾರು?" ಯುರೋಪಿನಿಂದ ಮುಂಬೈಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂದು ಉತ್ತರ ಹೇಳಿದರೆ, "ಸರಿ, 'ಆಕಾಶವಾಣಿ' ಅನ್ನೋ ಹೆಸರು ಬಂದದ್ದು ಎಲ್ಲಿಂದ?" ಇದಕ್ಕೆ ಮಾತ್ರ ಅವರು ಯಾರ ಉತ್ತರಕ್ಕೂ ಕಾಯುವುದಿಲ್ಲ. 1935ರಲ್ಲಿ ಮೈಸೂರಿನ ಸ್ವಂತ ಮನೆಯಿಂದಲೇ ರೇಡಿಯೊ ಬಿತ್ತರಿಸಿದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರನ್ನು ತಾವೇ ಸಾಕಿ ಬೆಳೆಸಿದವರಂತೆ ಎದೆ ಮುಂದೆ ಮಾಡಿ ಕೂರುತ್ತಾರೆ.

ಗ್ಯಾಸ್ ತಂದ ಹುಡುಗ ಸಿಲಿಂಡರನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು ಪೂರ್ತಿ ರಾಗ ಕೇಳಿದ್ದಾನೆ. ಸಾಲದ ಕಂತು ಕೇಳಲು ಬಂದವನೊಬ್ಬ ಒಂದಾದ ಮೇಲೊಂದು ರಾಗಕ್ಕೆ ಸೋತು, ಮುಂದಿನ ತಿಂಗಳು ಬರುತ್ತೇನೆಂದು ಹೇಳಿ ಹೋದನಂತೆ. ಈ ವಿದ್ಯೆಯಿಂದ ಮನೆಗೆ ಇದುವರೆಗೆ ಆದ ಲಾಭ ಅದೊಂದೇ ಎನ್ನುತ್ತಾಳೆ ಅಕ್ಕ. ರಾಗದ ನಡುವೆ ಭಾವ ಎಲ್ಲಾದರೂ ತಡವರಿಸಿದರೆ ಅವರ ಮಗಳು ಮೊಬೈಲಿನಿಂದ ತಲೆ ಎತ್ತದೆ, "ಅಪ್ಪ ಬಫರ್ ಆಗ್ತಾವ್ರೆ" ಎಂದು ಪ್ರಕಟಿಸುತ್ತಾಳೆ.

ಇಂಥವರು ಹುಣಸೂರಿನಲ್ಲಿ ಮಾತ್ರ ಇದ್ದಾರೆಂದು ಉಳಿದ ಊರಿನವರು ಬೀಗಬೇಕಾಗಿಲ್ಲ. ಐವತ್ತರ ಆಸುಪಾಸಿನ ವಯಸ್ಸು, ರಿಮೋಟಿನ ಮೇಲೆ ತಿರಸ್ಕಾರ, ಮಾತೆತ್ತಿದರೆ "ಆಗ ಇದ್ದದ್ದು ಒಂದೇ ಚಾನೆಲ್ಲು" ಎಂಬ ಪಲ್ಲವಿ. ಇವರ ಪ್ರಕಾರ ಭಾರತದ ಸುವರ್ಣಯುಗ 1984ರಲ್ಲಿ 'ಹಮ್ ಲೋಗ್' ಜೊತೆ ಶುರುವಾಗಿ 1994ರಲ್ಲಿ ಉದಯ ಟಿವಿ ಬಂದಾಗ ಮುಗಿಯಿತು. ಗುಪ್ತರ ಕಾಲವೆಲ್ಲ ಪಠ್ಯಪುಸ್ತಕದವರು ಪುಟ ತುಂಬಿಸಲು ಬರೆದದ್ದು. ಕೆ.ಆರ್. ನಗರದ ಒಬ್ಬ ಮೇಷ್ಟ್ರು 1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು; ಪೂಜೆಗೆ ಯೋಗ್ಯವೇ. ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಎಚ್.ಡಿ. ಕೋಟೆಯ ಇನ್ನೊಬ್ಬರು ಶಂಕರ್‌ನಾಗ್ ಹೆಸರು ಕಿವಿಗೆ ಬಿದ್ದರೆ ಸಾಕು, ಕರವಸ್ತ್ರ ತೆಗೆಯುತ್ತಾರೆ. ಪಾಪ, ಇವರೆಲ್ಲ ಸಾಧುಗಳು. ತಮ್ಮ ನೆನಪನ್ನು ತಾವೇ ಮೆಲ್ಲುತ್ತಾರೆ. ನಮ್ಮ ಭಾವ ಎದುರಿಗಿದ್ದವರ ಬಾಯಿಗೂ ತುರುಕುತ್ತಾರೆ.

ಶಂಕರ್‌ನಾಗ್ ಮೇಲೆ ಅವರಿಗೆ ಭಕ್ತಿಯ ಜೊತೆ ಒಂದು ತಕರಾರೂ ಇದೆ. ಆರ್.ಕೆ. ನಾರಾಯಣ್ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ಹಾಗಿರುವಾಗ ಮಾಲ್ಗುಡಿಯನ್ನು ಆಗುಂಬೆಗೆ ಯಾಕೆ ಹೊತ್ತುಕೊಂಡು ಹೋದರು? "ರೈಲ್ವೆ ಸ್ಟೇಷನ್ ಬೇಕಿದ್ರೆ ನಮ್ ಕೆ.ಆರ್. ನಗರದಲ್ಲಿ ಇರ್ಲಿಲ್ವಾ? ಹೊಳೆ ಬೇಕಿದ್ರೆ ಕಾವೇರಿ ಹರೀತಿರ್ಲಿಲ್ವಾ? ಸ್ವಾಮಿಗೆ ಅಲೆಯೋಕೆ ಚುಂಚನಕಟ್ಟೆ ಜಾತ್ರೆ ಸಾಲ್ತಿರ್ಲಿಲ್ವಾ?" ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ ಸುದ್ದಿ ಬಂದ ದಿನ ಅವರು ರಾತ್ರಿ ಊಟ ಮಾಡಲಿಲ್ಲವೆಂದು ಅಕ್ಕ ಫೋನ್ ಮಾಡಿದ್ದಳು. ಮಾರನೆಯ ದಿನ ನಾಲ್ಕು ಇಡ್ಲಿ ಹೆಚ್ಚಿಗೆ ತಿಂದರಂತೆ.

ಹಾಡುಗಳ ವಿಷಯದಲ್ಲಂತೂ ಇನ್ನೂ ಕಷ್ಟ. ಪಿರಿಯಾಪಟ್ಟಣದಲ್ಲಿ ಒಂದು ಬೀಗರ ಊಟ. ಆರ್ಕೆಸ್ಟ್ರಾದ ಹುಡುಗ 'ಪ್ರೇಮಲೋಕ'ದ ಹಾಡು ಎತ್ತಿಕೊಂಡ. 1987ರಲ್ಲಿ ಹಂಸಲೇಖ ಆ ಹಾಡುಗಳೊಳಗೆ ಮಾತು ಸೇರಿಸಿದ್ದು, ಕಾಲೇಜು ಹುಡುಗರೆಲ್ಲ ಆ ಮಾತುಗಳನ್ನೇ ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ಈ ಹುಡುಗ ಮಾತು ಬಿಟ್ಟು ರಾಗ ಮಾತ್ರ ಹಾಡಿದ. ಎಲೆಯ ಮುಂದಿನಿಂದ ಭಾವ ಎದ್ದರು. ಬಲಗೈಯಲ್ಲಿ ಮುದ್ದೆ ಮೆತ್ತಿಕೊಂಡಿದ್ದರಿಂದ ಎಡಗೈಯಲ್ಲಿ ಮೈಕು ಇಸಿದುಕೊಂಡು, ಹೀರೋ ಮಾತನ್ನು ಗಂಡು ದನಿಯಲ್ಲಿ, ಹೀರೋಯಿನ್ ಮಾತನ್ನು ಹೆಣ್ಣು ದನಿಯಲ್ಲಿ, ನಡುವೆ ಮೋಟಾರ್ ಸೈಕಲ್ಲಿನ ಸದ್ದನ್ನೂ ತಾವೇ ಒದಗಿಸಿ ಹಾಡನ್ನು ದಡ ಮುಟ್ಟಿಸಿದರು. ಬೀಗರ ಕಡೆಯವರು ಇವರು ಯಾರ ಪೈಕಿ ಎಂದು ವಿಚಾರಿಸತೊಡಗಿದರು. ನಾನು ಕೋಳಿ ಸಾರಿನಲ್ಲಿ ಮುಖ ಹುದುಗಿಸಿದೆ. ಆದರೆ ಅಷ್ಟೂ ಹೊತ್ತು ನನ್ನ ತುಟಿಯೂ ಅದೇ ಮಾತಿಗೆ ಆಡುತ್ತಿತ್ತೆಂದು ನನ್ನ ಹೆಂಡತಿ ಇವತ್ತಿಗೂ ಸಾಕ್ಷಿ ಹೇಳುತ್ತಾಳೆ.

ಭಾವನ ಹತ್ತಿರ ಒಂದು ಟ್ರಂಕ್ ತುಂಬ ಕ್ಯಾಸೆಟ್ಟುಗಳಿವೆ. ಅವರದು ಪಿರಿಯಾಪಟ್ಟಣದ ಕಡೆ ಹಳ್ಳಿಯ ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬ್ಯಾರನ್ನಿಗೆ ಏರಿತೆಂದರೆ ಐದಾರು ದಿನ ಹಗಲೂ ರಾತ್ರಿ ಬೇಯಿಸಬೇಕು. ರಾತ್ರಿಯೆಲ್ಲ ಒಬ್ಬರು ಎದ್ದಿದ್ದು ಸೌದೆ ತಳ್ಳುತ್ತಾ ಥರ್ಮಾಮೀಟರ್ ನೋಡುತ್ತಿರಬೇಕು. ಬಿಸಿ ಹೆಚ್ಚುಕಮ್ಮಿಯಾದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆ ರಾತ್ರಿಗಳಲ್ಲಿ ನಿದ್ದೆಗೆ ಮದ್ದು ಟೇಪ್ ರೆಕಾರ್ಡರ್. ಅಶ್ವತ್ಥರ ದನಿಯಲ್ಲಿ ಶಿಶುನಾಳ ಷರೀಫರು, 'ಮೈಸೂರು ಮಲ್ಲಿಗೆ', ರಾಜ್‌ಕುಮಾರರ ಭಕ್ತಿಗೀತೆ. ಬೆಳಗಿನ ಜಾವಕ್ಕೆ ಸೆಲ್ಲು ಇಳಿದು ಅಶ್ವತ್ಥರ ಎತ್ತರದ ದನಿ ಪಾತಾಳಕ್ಕೆ ಹೋಗುತ್ತಿತ್ತಂತೆ. ಸೆಲ್ಲನ್ನು ಬಿಸಿಲಿಗೆ ಒಣಗಿಸಿದರೆ ಇನ್ನೆರಡು ಹಾಡಿನ ಆಯುಷ್ಯ. ಭಾವ ಇವತ್ತಿಗೂ ಷರೀಫರ ಒಂದು ಪದವನ್ನು ಆ ಇಳಿದ ಸೆಲ್ಲಿನ ವೇಗದಲ್ಲೇ ಹಾಡುತ್ತಾರೆ; ಮುಗಿಯುವಷ್ಟರಲ್ಲಿ ಕೇಳುವವರು ಒಂದು ನಿದ್ದೆ ತೆಗೆದಿರುತ್ತಾರೆ.

ಟ್ರಂಕಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅಂಗಡಿಯಿಂದ ತಂದ ಕ್ಯಾಸೆಟ್ಟಲ್ಲ. ಆಗ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಕೆಂಪು ಗುಂಡಿ ಒತ್ತಿ, ಮನೆಮಂದಿಯೆಲ್ಲ ಉಸಿರು ಹಿಡಿದು ಕೂರುವ ಪದ್ಧತಿಯಿತ್ತಲ್ಲ, ಹಾಗೆ ಹಿಡಿದ 'ಚಿತ್ರಮಂಜರಿ'ಯ ಹಾಡುಗಳು. ಒಂದು ಹಾಡಿನ ಎರಡನೆಯ ಚರಣದಲ್ಲಿ ಭಾವನ ತಾತ ಕೆಮ್ಮುತ್ತಾರೆ. ಪಲ್ಲವಿ ಮರಳುವ ಹೊತ್ತಿಗೆ ಯಾರೋ "ಎಮ್ಮೆ ಬಿಚ್ಕೊಂಡೈತೆ" ಅನ್ನುತ್ತಾರೆ. ಮಗಳು ಒಮ್ಮೆ ಅದೇ ಹಾಡನ್ನು ಮೊಬೈಲಿನಲ್ಲಿ ಹುಡುಕಿ, ಅಪ್ಪನಿಗೆ ಖುಷಿಯಾಗಲೆಂದು ಕಿವಿಗೆ ಹಾಕಿದಳು. ಶುದ್ಧವಾದ ಸ್ಟೀರಿಯೊ ಧ್ವನಿ. ಭಾವ ಎರಡನೆಯ ಚರಣದವರೆಗೆ ತಲೆದೂಗಿ, ಥಟ್ಟನೆ ಕಿತ್ತು ಕೈಗೆ ಕೊಟ್ಟರು. "ಅರ್ಧಂಬರ್ಧ ಕಣಮ್ಮ ಇದು. ಕೆಮ್ಮೇ ಇಲ್ಲ!"

ಅವರು ಮೂಗಿನಲ್ಲಿ ಎಳೆಯದ ಸಂಗೀತ ಒಂದೇ, 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್'ದು. ಮೈಸೂರಿನಲ್ಲಿ ಹುಣಸೂರು ರಸ್ತೆಯ ಮೇಲೇ ಇದ್ದ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರವರಿ 8ರಂದು ಆ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಆ ರಸ್ತೆಯಲ್ಲಿ ಹೋಗುವಾಗ ನಮ್ಮ ಭಾವನಂಥ ಮಾತುಗಾರರೂ ಸ್ವಲ್ಪ ದೂರ ಸುಮ್ಮನಿರುತ್ತಾರೆ.

ಇನ್ನು ರಾಮಾಯಣ. 1987ರ ಜನವರಿ 25ರಿಂದ ಮಾರನೆಯ ವರ್ಷದ ಜುಲೈ ತನಕ ಭಾನುವಾರದ ಬೆಳಗು ರಮಾನಂದ ಸಾಗರರ ವಶದಲ್ಲಿತ್ತು. ಅದರಲ್ಲಿ ಭಾವನದು ವಾಲ್ಮೀಕಿಯನ್ನೂ ತಿದ್ದುವ ಮಟ್ಟದ ಪಾಂಡಿತ್ಯ. ಯಾವ ಘಟ್ಟದಲ್ಲಿ ಶಂಖ ಊದಿತು, ಬಾಣ ಹಾರುವಾಗ ಎಂಥ ಸದ್ದು, ಮಂಥರೆ ಯಾವ ಮಾತಿನ ಮೇಲೆ ನಕ್ಕಳು, ಎಲ್ಲ ನಾಲಿಗೆ ತುದಿಯಲ್ಲಿ. ಒಂದು ಸಂಕ್ರಾಂತಿಗೆ ಇದೇ ಪುರಾಣ ಕೇಳಿ ಕೇಳಿ ಸುಸ್ತಾಗಿ ನಾನು ಅಡುಗೆಮನೆ ಕಡೆ ನುಸುಳಿದೆ. ಅಕ್ಕನ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. "ಅದೆಷ್ಟು ಗಮನ ಇಟ್ಟು ನೋಡವ್ರೆ ಅತ್ತೆ!" ಅಂದೆ.

"ಅವನೆಲ್ಲಪ್ಪ ನೋಡ್ದ?" ಅಂದರು ಅತ್ತೆ. "ಅವ್ನು ಹೆಂಚಿನ್ ಮೇಲಿದ್ದ."

ಆಮೇಲೆ ಹೊರಬಿದ್ದ ಕಥೆ ಇಷ್ಟು. 1984ರಲ್ಲಿ ನಮ್ಮ ಕಡೆ ತಂಬಾಕು ಮಂಡಳಿಯ ಹರಾಜು ಶುರುವಾಗಿ ಕೈಗೆ ನಾಲ್ಕು ಕಾಸು ಬಂದ ಮೇಲೆ ಭಾವನ ದೊಡ್ಡಪ್ಪ ಒಂದು ಸಣ್ಣ ಕಪ್ಪುಬಿಳುಪು ಟಿವಿ ತಂದರು. ಊರಿಗೆ ಅದೊಂದೇ. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರುತ್ತಿದ್ದರು. ಆದರೆ ಮೈಸೂರಿನಿಂದ ಅಷ್ಟು ದೂರಕ್ಕೆ ಚಿತ್ರ ಬರುವುದೇ ಪ್ರಯಾಸ. ಬೂಸ್ಟರ್ ಹಾಕಿ, ಉದ್ದ ಬಿದಿರಿಗೆ ಆಂಟೆನಾ ಕಟ್ಟಿದರೂ ಗಾಳಿ ಬೀಸಿದರೆ ಬರೀ ಇರುವೆ. ಒಬ್ಬರು ಮೇಲಿದ್ದು ತಿರುಗಿಸುತ್ತಲೇ ಇರಬೇಕು. ದಪ್ಪಗಿದ್ದವರು ಹತ್ತಿದರೆ ಹೆಂಚು ಒಡೆಯುತ್ತದೆ. ಮನೆಯಲ್ಲಿ ಕಡ್ಡಿಯಂತಿದ್ದವನು ಈ ಹುಡುಗನೊಬ್ಬನೇ. (ಇವತ್ತಿನ ಭಾವನನ್ನು ನೋಡಿದವರು ಈ ಮಾತು ನಂಬುವುದಿಲ್ಲ.) "ಬಂತಾ?" "ಬಂತು, ಬಂತು! ಹೋಯ್ತು!" "ಈಗ?" "ಒಸಿ ಕೊಡಗಿನ ಕಡೀಕೆ ತಿರುಗ್ಸ್ಲಾ!" ರಾಮ ಕಾಡಿಗೆ ಹೋದದ್ದು, ಸೀತೆ ಕಳುವಾದದ್ದು, ಸೇತುವೆ ಕಟ್ಟಿದ್ದು, ಎಲ್ಲವೂ ಅವರಿಗೆ ಹೆಂಚಿನ ಸಂದಿಯಿಂದ ಕೇಳಿಸಿದ್ದೇ ಹೊರತು ಕಾಣಿಸಿದ್ದಲ್ಲ.

ಒಂದು ಭಾನುವಾರ ಒಳಗೆ ಹನುಮಂತ ಬಂದ ಹೊತ್ತಿಗೆ ಸರಿಯಾಗಿ ಹೊರಗೆ ಒಂದು ಕೋತಿ ಬಂದು ಆಂಟೆನಾ ಹಿಡಿದು ಜೋತಾಡತೊಡಗಿತಂತೆ. ಹುಡುಗ ಕೋಲೆತ್ತಿದ. ಕೆಳಗಿನಿಂದ ಊರಿಗೆ ಊರೇ ಕೂಗಿಕೊಂಡಿತು: "ಓಡುಸ್ಬ್ಯಾಡ ಕಣ್ಲಾ, ಸಾಕ್ಷಾತ್ ಅವನೇ ಬಂದವ್ನೆ!" ಚಿತ್ರ ಪೂರ್ತಿ ಹೋಯಿತು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ, ಅಂಗಳಕ್ಕೆ ಬಂದು ಕೈಮುಗಿದು, ಬಾಳೆಹಣ್ಣು ಮೇಲಕ್ಕೆ ಎಸೆದರು. ಹುಡುಗ ಹೆಂಚಿನ ಮೇಲೆ ದೇವರ ಪಕ್ಕದಲ್ಲಿ ಕೂತು, ದೇವರು ಬಿಟ್ಟ ಒಂದು ಬಾಳೆಹಣ್ಣು ತಿಂದ.

ಇದನ್ನು ಕೇಳಿದ ಮೇಲೆ ಭಾವನ ಮೂಗಿನ ಸಂಗೀತವನ್ನು ಮೊದಲಿನಂತೆ ಬೈಯಲು ನನಗೆ ಆಗುತ್ತಿಲ್ಲ. ಮನುಷ್ಯನಿಗೆ ದಕ್ಕಿದ್ದು ಕಿವಿಯ ಪಾಲು ಮಾತ್ರ. ಅದನ್ನಾದರೂ ಜೋಪಾನ ಮಾಡಿದ್ದಾರೆ. ಒಮ್ಮೆ ಕೆದಕಿದೆ: "ಮತ್ತೆ ಪಾತ್ರಗಳೆಲ್ಲ ಹೆಂಗಿದ್ದವು ಅಂದ್ಕೊಂಡಿದ್ರಿ ಭಾವ?" ಅವರು ಹಿಂದೆಮುಂದೆ ನೋಡದೆ ಹೇಳಿದರು: "ರಾಮ ಅಂದ್ರೆ ನಮ್ ರಾಜ್‌ಕುಮಾರು. ರಾವಣ ವಜ್ರಮುನಿ. ಇನ್ಯಾರಿರ್ತಾರೆ?"

2020ರ ಮಾರ್ಚ್ 28ರಿಂದ ಲಾಕ್‌ಡೌನಿನಲ್ಲಿ ದೂರದರ್ಶನ ಅದೇ ರಾಮಾಯಣವನ್ನು ಮತ್ತೆ ಹಾಕಿತು. 33 ವರ್ಷದ ಮೇಲೆ ಭಾವ ಗೋಡೆಯಗಲದ ಟಿವಿಯ ಮುಂದೆ, ಅಮ್ಮನ ಪಕ್ಕದಲ್ಲಿ ನೋಡಲು ಕೂತರು. ಅರುಣ್ ಗೋವಿಲ್‌ರನ್ನು ಹೇಗೋ ಸಹಿಸಿಕೊಂಡರಂತೆ, ರಾವಣನ ಪ್ರವೇಶವಾದಾಗ ಕೈಲಾಗಲಿಲ್ಲ. ಅರವಿಂದ ತ್ರಿವೇದಿ ಒಳ್ಳೆಯ ನಟರೇ ಇರಬಹುದು, ಆದರೆ ಆ ಕಣ್ಣು ವಜ್ರಮುನಿಯದಲ್ಲವಲ್ಲ! ಲಕ್ಷ್ಮಣ ಬಂದಾಗಲೆಲ್ಲ "ಇವನ್ಯಾರು?" ಎಂದು ಕೇಳಿ ಅಮ್ಮನ ಕೈಲಿ ಬೈಸಿಕೊಂಡರು. ಅಷ್ಟಕ್ಕೇ ಬಿಟ್ಟು ಮಹಡಿಗೆ ಹೋದವರು, ಆಮೇಲೆ ದಿನಾ ಆ ಹೊತ್ತಿಗೆ ತಾರಸಿಯ ಮೇಲೆ ಕೂತು, ಕೆಳಗಿನ ಸದ್ದಷ್ಟೇ ಕೇಳಿಸಿಕೊಂಡು ಸರಣಿ ಮುಗಿಸಿದರು.

ಅಲ್ಲಿಗೂ ನಿಲ್ಲಲಿಲ್ಲ. ಹೋದ ವರ್ಷ ಕೆ.ಆರ್. ನಗರದ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಅಲ್ಯೂಮಿನಿಯಂ ಆಂಟೆನಾ ಕಣ್ಣಿಗೆ ಬಿತ್ತು. ತಂದು ತಾರಸಿಯಲ್ಲಿ ಕಂಬ ನೆಟ್ಟು ಏರಿಸಿದ್ದಾರೆ. "ಭಾವ, ಆ ಟ್ರಾನ್ಸ್‌ಮಿಟರುಗಳನ್ನೆಲ್ಲ 2022ರ ಹೊತ್ತಿಗೇ ಮುಚ್ಚಿಬಿಟ್ರು. ಇದಕ್ಕೆ ಇನ್ನೇನೂ ಬರಲ್ಲ" ಎಂದೆ. "ಗೊತ್ತು ಕಣಯ್ಯ" ಎಂದು ಹೇಳುತ್ತಲೇ ಅದನ್ನು ಮೈಸೂರಿನ ಕಡೆ ತಿರುಗಿಸುತ್ತಿದ್ದರು. ಅಕ್ಕ ಅದರ ಮೇಲೆ ಮಕ್ಕಳ ಬಟ್ಟೆ ಒಣಗಿಸುತ್ತಾಳೆ. ಅದಕ್ಕೆ ಭಾವನ ಆಕ್ಷೇಪವಿಲ್ಲ. ಒದ್ದೆ ಬಟ್ಟೆಯ ಭಾರಕ್ಕೆ ಕಂಬ ಕೊಡಗಿನ ಕಡೆ ವಾಲುತ್ತದೆ, ಎರಡೂ ಕಡೆ ಸಮವಾಗಿ ಹಾಕು ಎಂಬುದಷ್ಟೇ ತಕರಾರು.

ಮೊನ್ನೆ ಭಾನುವಾರ ಹೋಗಿದ್ದೆ. ಭಾವ ಮೇಲಿದ್ದರು. ಅಕ್ಕ ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದಳು. ತಾರಸಿಯಿಂದ ದನಿ ಬಂತು: "ಬಂತೇನೇ?"

"ಬಂತೂರಿ!" ಎಂದು ಕಾವಲಿಯಿಂದ ಕಣ್ಣು ತೆಗೆಯದೆ ಕೂಗಿದಳು ಅಕ್ಕ. ನಾನು ಅವಳ ಮುಖ ನೋಡಿದೆ. "ಇನ್ನೇನ್ ಮಾಡ್ಲಿ, ಹಂಗನ್ನದೆ ಇದ್ರೆ ಇಳಿಯಲ್ಲ ಕಣೋ. ದೋಸೆ ಆರೋಗುತ್ತೆ" ಎಂದಳು.