ಮೂರು ಸೆಕೆಂಡಿನ ಮಹಾರಾಯರು

ಸಂಕ್ರಾಂತಿ ಬರುವುದು ಜನವರಿಯಲ್ಲಿ, ಅಮೆರಿಕನ್ ಫುಟ್‌ಬಾಲಿನ ಪ್ಲೇಆಫ್ ಪಂದ್ಯಗಳು ಬರುವುದೂ ಜನವರಿಯಲ್ಲಿ. ಸೂರ್ಯ ಮಕರ ರಾಶಿಗೆ ಹೋಗುವುದನ್ನು ತಡೆಯುವ ಅಧಿಕಾರ ನಮ್ಮ ಕನ್ನಡ ಕೂಟದ ಸಮಿತಿಗಿಲ್ಲ. ಪಂದ್ಯ ಮುಂದೂಡಿ ಎಂದು ಎನ್‌ಎಫ್‌ಎಲ್ ಲೀಗಿಗೆ ಅರ್ಜಿ ಹಾಕುವ ಧೈರ್ಯವೂ ಇಲ್ಲ. ಹೀಗಾಗಿ ಬಾಸ್ಟನ್ನಿನ ಹೊರವಲಯದ ಶಾಲೆಯೊಂದರ ಸಭಾಂಗಣದಲ್ಲಿ ಪುಟ್ಟ ಹುಡುಗಿಯೊಬ್ಬಳು ದೇವರನಾಮ ಹಾಡುತ್ತಿರುವಾಗ ಹಿಂದಿನ ಸಾಲಿನ ಜರಿಪಂಚೆಯ ಗಂಡಸರೆಲ್ಲ ತಲೆ ತಗ್ಗಿಸಿ, ಬಲು ಭಕ್ತಿಯಿಂದ, ತೊಡೆಯ ಮೇಲಿನ ಫೋನು ನೋಡುತ್ತಿರುತ್ತಾರೆ. ಚರಣ ಮುಗಿಯುವ ಮೊದಲೇ ಯಾರೋ "ಅಯ್ಯೋ, ಕೈಗೇ ಕೊಟ್ನಲ್ಲೋ!" ಎಂದು ಕೂಗುತ್ತಾರೆ. ಹುಡುಗಿಯ ತಾಯಿ ತಿರುಗಿ ನೋಡುತ್ತಾರೆ. ಆ ನೋಟದ ಮುಂದೆ ಯಾವ ತಂಡದ ರಕ್ಷಣಾ ಸಾಲೂ ನಿಲ್ಲಲಾರದು.

ಆಮೇಲೆ ಬಿಸಿಬೇಳೆಬಾತಿಗೆ ಸಾಲಿನಲ್ಲಿ ನಿಂತಾಗ ಚರ್ಚೆ ಶುರುವಾಗುತ್ತದೆ. ಇಷ್ಟು ವರ್ಷಗಳ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಮೊದಲನೆಯವನು ಯಾರು? ಎರಡನೆಯವನು? ಹತ್ತರವರೆಗೆ ಹೇಳಿ ನೋಡೋಣ! ಇದರಲ್ಲಿ ಒಂದು ವಿಚಿತ್ರ ಗಮನಿಸಿದ್ದೇನೆ. ನಮ್ಮವರಿಗೆ ಅಮೆರಿಕದಲ್ಲಿ ಮೊದಲ ಕೆಲಸ ಎಲ್ಲಿ ಸಿಕ್ಕಿತೋ ಆ ಊರಿನ ತಂಡವೇ ಕುಲದೈವ. ಹಾಸನದವರೊಬ್ಬರು ಮಿಯಾಮಿಗಾಗಿ ಕಣ್ಣೀರು ಹಾಕುತ್ತಾರೆ. ಹುಬ್ಬಳ್ಳಿಯವರೊಬ್ಬರು ಗ್ರೀನ್ ಬೇ ತಂಡದ ಹೆಸರೆತ್ತಿದರೆ ಎದ್ದು ನಿಲ್ಲುತ್ತಾರೆ. ವೀಸಾ ಅಧಿಕಾರಿ ಆವತ್ತು ಬೇರೆ ಮುದ್ರೆ ಒತ್ತಿದ್ದರೆ ಇವರ ನಿಷ್ಠೆ ಇಷ್ಟೇ ಉತ್ಕಟವಾಗಿ ಬೇರೆ ಊರಿನ ಮೇಲಿರುತ್ತಿತ್ತು. ಹಾಗೆಂದು ಅವರ ಮುಂದೆ ಹೇಳಿದರೆ ಮುಂದಿನ ವರ್ಷ ನನ್ನನ್ನು ಪಾತ್ರೆ ತೊಳೆಯುವ ಉಪಸಮಿತಿಗೆ ಹಾಕುತ್ತಾರೆ.

ಊರಿನಲ್ಲಿರುವ ಓದುಗರಿಗೆ ಈ ಕ್ವಾರ್ಟರ್‌ಬ್ಯಾಕ್ ಎಂಬ ಪ್ರಾಣಿಯ ಪರಿಚಯ ಬೇಕು. ಒಂದು ಕಡೆ ಹನ್ನೊಂದು ಜನ, ಎದುರು ಹನ್ನೊಂದು ಜನ. ಮುಂದಿನ ಸಾಲಿನ ನಡುವೆ ಬಗ್ಗಿ ನಿಂತ ದಢೂತಿ ಆಳು ಚೆಂಡನ್ನು ಕಾಲುಗಳ ಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಹಿಡಿಯುವವನೇ ನಮ್ಮ ನಾಯಕ. ಹಿಡಿದ ಮರುಕ್ಷಣದಿಂದ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದ ನಾಲ್ಕೈದು ಜನ ಅವನನ್ನು ನೆಲಕ್ಕೆ ಕೆಡವಲು ಓಡಿ ಬರುತ್ತಾರೆ. ಅವನಿಗಿರುವುದು ಸುಮಾರು ಮೂರು ಸೆಕೆಂಡು. ಅಷ್ಟರಲ್ಲಿ ದೂರದಲ್ಲಿ ಓಡುತ್ತಿರುವ ತನ್ನವರಲ್ಲಿ ಯಾರ ಸುತ್ತ ಜಾಗವಿದೆ ಎಂದು ನೋಡಿ, ಆ ಜಾಗಕ್ಕಲ್ಲ, ಅವನು ಇನ್ನೊಂದು ಗಳಿಗೆಯಲ್ಲಿ ಇರಲಿರುವ ಜಾಗಕ್ಕೆ ಚೆಂಡು ಎಸೆಯಬೇಕು. ಶಿರಸ್ತ್ರಾಣದೊಳಗೆ 1994ರಿಂದ ರೇಡಿಯೋ ಬೇರೆ ಇದೆ. ತರಬೇತುದಾರರು ಕಿವಿಯಲ್ಲಿ ಆದೇಶ ಕೊಡುತ್ತಲೇ ಇರುತ್ತಾರೆ. ಆಟ ಶುರು ಮಾಡಲು ಹದಿನೈದು ಸೆಕೆಂಡು ಉಳಿದಾಗ ಆ ದನಿ ತಾನಾಗಿ ಕಡಿದುಹೋಗುತ್ತದೆ. ಇಷ್ಟು ಒಳ್ಳೆಯ ಏರ್ಪಾಡು ನಮ್ಮ ಕಚೇರಿಗಳಿಗೆ ಇನ್ನೂ ಬಂದಿಲ್ಲ.

ಇನ್ನು ಶ್ರೇಷ್ಠತೆಯ ಮಾತು. ಪಟ್ಟಿ ಮಾಡುವವರೆಲ್ಲ ಮೊದಲು ತಮ್ಮವನನ್ನು ಒಂದನೇ ಸ್ಥಾನದಲ್ಲಿ ಕೂರಿಸಿಬಿಡುತ್ತಾರೆ. ಆಮೇಲೆ ಅವನ ಎತ್ತರಕ್ಕೆ ಸರಿಯಾಗಿ ಒಂದು ಅಳತೆಗೋಲು ಕಡಿಯುತ್ತಾರೆ.

ಬಾಸ್ಟನ್ನಿನವರ ಕೋಲು ಉಂಗುರ. ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದವರಿಗೆಲ್ಲ ವಜ್ರ ಕೂರಿಸಿದ ಉಂಗುರ ಸಿಗುತ್ತದೆ. ಟಾಮ್ ಬ್ರೇಡಿಯ ಬಳಿ ಏಳಿವೆ: ಇಲ್ಲಿನ ಪೇಟ್ರಿಯಟ್ಸ್ ಪರ ಆರು, ಟ್ಯಾಂಪಾಗೆ ಹೋಗಿ 43ನೇ ವಯಸ್ಸಿನಲ್ಲಿ ಇನ್ನೊಂದು. 2023ರಲ್ಲಿ ಅವನು ನಿವೃತ್ತನಾದಾಗ ಇಡೀ ಲೀಗಿನಲ್ಲಿ ಆರಕ್ಕಿಂತ ಹೆಚ್ಚು ಸೂಪರ್ ಬೌಲ್ ಗೆದ್ದ ತಂಡವೇ ಇರಲಿಲ್ಲ. (ಅದು ಅವನ ಎರಡನೆಯ ನಿವೃತ್ತಿ. ಮೊದಲನೆಯದು 2022ರಲ್ಲಿ, ಆಗ 40 ದಿನ ಮನೆಯಲ್ಲಿದ್ದು ವಾಪಸು ಬಂದ. ನಿವೃತ್ತ ಗಂಡಸು 40 ದಿನ ಮನೆಯಲ್ಲಿ ಕೂತದ್ದೇ ಹೆಚ್ಚಾಯಿತು ಎಂದು ನಮ್ಮ ಮನೆಯವಳ ಅಭಿಪ್ರಾಯ.) 2017ರ ಫೈನಲ್ಲಿನಲ್ಲಿ ಅಟ್ಲಾಂಟಾ ಎದುರು 28–3 ಹಿಂದಿದ್ದು, ಕೊನೆಗೆ 34–28ಕ್ಕೆ ಗೆದ್ದ ಕಥೆಯನ್ನು ಇಲ್ಲಿನ ಕ್ಷೌರಿಕರು, ದಂತವೈದ್ಯರು, ಅಂದರೆ ನಾವು ಎದ್ದು ಹೋಗಲಾಗದ ಸ್ಥಿತಿಯಲ್ಲಿ ನಮ್ಮನ್ನು ಕೂರಿಸಿಕೊಳ್ಳುವವರೆಲ್ಲ ಹೇಳುತ್ತಾರೆ.

ಆದರೆ ಉಂಗುರ ಎಣಿಸುವುದರಲ್ಲೂ ತಕರಾರಿದೆ. ಬ್ರೇಡಿಯ ಮೊದಲ ಉಂಗುರ ಕೈಗೆ ಬಂದದ್ದು ಕಾಲಿನಿಂದ: ಆಡಮ್ ವಿನಾಟಿಯೇರಿ ಎಂಬ ಒದೆಗಾರ 2002ರಲ್ಲಿ ಕೊನೆಯ ಗಳಿಗೆಯಲ್ಲಿ 48 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ತೂರಿಸಿದ. 2004ರಲ್ಲೂ ಅದೇ ಕಾಲು. 2015ರಲ್ಲಿ ಸಿಯಾಟಲ್ ತಂಡ ಗೆಲುವಿಗೆ ಒಂದೇ ಗಜ ದೂರದಲ್ಲಿದ್ದಾಗ ಅಡ್ಡ ನುಗ್ಗಿ ಚೆಂಡು ಕಿತ್ತುಕೊಂಡವನು ಮಾಲ್ಕಮ್ ಬಟ್ಲರ್. ಆ ಹೊತ್ತಿನಲ್ಲಿ ಬ್ರೇಡಿ ಗೆರೆಯಾಚೆ ನಿಂತು, ಟೀವಿ ಮುಂದಿದ್ದ ನನ್ನಷ್ಟೇ ನೆರವಾಗುತ್ತಿದ್ದ. ಇನ್ನು ಟ್ರೆಂಟ್ ಡಿಲ್ಫರ್ ಇದ್ದಾನೆ. ಅವನ ಬಾಲ್ಟಿಮೋರ್ ರೇವನ್ಸ್ ಆ ಋತುವಿನಲ್ಲಿ ಸತತ ಐದು ಪಂದ್ಯಗಳಲ್ಲಿ ಆಕ್ರಮಣದಿಂದ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಕಾಣದೆ, ಬರೀ ರಕ್ಷಣೆಯ ಬಲದ ಮೇಲೆ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಗೆದ್ದ ಮೇಲೆ ಕ್ವಾರ್ಟರ್‌ಬ್ಯಾಕನ್ನು ಉಳಿಸಿಕೊಳ್ಳಲೇ ಇಲ್ಲ. ಹಾಸನದವರು ಈ ಹೆಸರನ್ನು ರಾಮಬಾಣದಂತೆ ಪ್ರಯೋಗಿಸುತ್ತಾರೆ. ಏಕೆಂದರೆ ಅವರ ದೇವರು, ಮಿಯಾಮಿಯ ಡ್ಯಾನ್ ಮರೀನೋ, 1984ರಷ್ಟು ಹಿಂದೆಯೇ ಒಂದು ಋತುವಿನಲ್ಲಿ 5,084 ಗಜ, 48 ಟಚ್‌ಡೌನ್ ಎಸೆದು, 17 ಋತು ಆಡಿ, ಬರಿಬೆರಳಲ್ಲಿ ಮನೆಗೆ ಹೋದ. "ಡಿಲ್ಫರ್‌ಗೆ ಉಂಗುರ ಇದೆ, ಮರೀನೋಗೆ ಇಲ್ಲ. ಹೇಳಿ ಸಾರ್, ಡಿಲ್ಫರ್ ದೊಡ್ಡವನಾ?" ಎಂದು ಅವರು ಕೇಳಿದಾಗ ಸಾಲಿನಲ್ಲಿ ಹಿಂದಿದ್ದವರು ನನ್ನನ್ನು ದಾಟಿ ಹಪ್ಪಳ ಹಾಕಿಸಿಕೊಂಡು ಹೋಗಿರುತ್ತಾರೆ.

ಉಂಗುರವೇ ಪ್ರಮಾಣ ಎನ್ನುವವರಿಗೆ ನಾನು ಆಟೋ ಗ್ರಹಾಮನ ಹೆಸರು ಹೇಳುತ್ತೇನೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ 1946ರಿಂದ 1955ರವರೆಗೆ ಹತ್ತು ಋತು ಆಡಿದ. ಹತ್ತಕ್ಕೆ ಹತ್ತು ಸಲ ಫೈನಲ್ ತಲುಪಿದ. ಏಳು ಗೆದ್ದ. ಅದರಲ್ಲಿ ನಾಲ್ಕು, ಆಮೇಲೆ ಮುಚ್ಚಿಹೋದ ಬೇರೊಂದು ಲೀಗಿನವು ಎಂದು ಬಾಸ್ಟನ್ನಿನವರು ಮೂಗು ಮುರಿಯುತ್ತಾರೆ. ಸೂಪರ್ ಬೌಲ್ ಎಂಬುದು ಶುರುವಾದದ್ದೇ 1967ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದ ತಪ್ಪಿಗೆ ಗ್ರಹಾಮನ ಹೆಸರು ಪಟ್ಟಿಗಳಲ್ಲಿ ಎಲ್ಲೋ ಎಂಟು, ಹತ್ತರ ಆಸುಪಾಸಿನಲ್ಲಿ ಹಿರಿಯರ ಕೋಟಾದಲ್ಲಿ ಬರುತ್ತದೆ.

ಸೋಲಿಸಿದವನೇ ದೊಡ್ಡವನು ಎಂಬ ಕುಸ್ತಿ ಅಖಾಡದ ನ್ಯಾಯವನ್ನಾದರೂ ಹಿಡಿಯೋಣ ಎಂದರೆ ಅದೂ ಕೈಕೊಡುತ್ತದೆ. ಬ್ರೇಡಿಯನ್ನು ಸೂಪರ್ ಬೌಲ್‌ನಲ್ಲಿ ಎರಡು ಸಲ, 2008ರಲ್ಲಿ ಮತ್ತು 2012ರಲ್ಲಿ, ಸೋಲಿಸಿದವನು ನ್ಯೂಯಾರ್ಕ್ ಜೈಂಟ್ಸ್‌ನ ಈಲೈ ಮ್ಯಾನಿಂಗ್. ಮೊದಲ ಸಲ ಪೇಟ್ರಿಯಟ್ಸ್ ಒಂದೂ ಸೋಲಿಲ್ಲದೆ ಹದಿನೆಂಟು ಪಂದ್ಯ ಗೆದ್ದು ಬಂದಿತ್ತು. ಈಲೈ ಎದುರಾಳಿಗಳ ಕೈಯಿಂದ ಅಂಗಿ ಬಿಡಿಸಿಕೊಂಡು ಎಸೆದ ಚೆಂಡನ್ನು ಡೇವಿಡ್ ಟೈರಿ ಎಂಬವನು ತನ್ನ ಶಿರಸ್ತ್ರಾಣಕ್ಕೆ ಒತ್ತಿ ಹಿಡಿದ. ಹಾಗಾದರೆ ಈಲೈಯೇ ಸರ್ವಶ್ರೇಷ್ಠನೇ? ಪಾಪ, ಅವನು ಅವನ ಮನೆಯಲ್ಲೇ ಎರಡನೆಯವನು. ಅಣ್ಣ ಪೇಟನ್ ಮ್ಯಾನಿಂಗ್ ಐದು ಸಲ ಲೀಗಿನ ಅತ್ಯಮೂಲ್ಯ ಆಟಗಾರ. 2013ರಲ್ಲಿ ಒಂದೇ ಋತುವಿನಲ್ಲಿ 55 ಟಚ್‌ಡೌನ್ ಎಸೆದವನು. ತಂದೆ ಆರ್ಚಿಯೂ ಕ್ವಾರ್ಟರ್‌ಬ್ಯಾಕ್. ಹಬ್ಬದ ದಿನ ಆ ಮನೆಯಲ್ಲಿ ಸಾಂಬಾರಿನ ಪಾತ್ರೆ ಯಾರು ಯಾರಿಗೆ ದಾಟಿಸುತ್ತಾರೋ!

ಇಂಥ ಜಗಳ ಬೇಡ, ಅಂಕಿಗಳೇ ತೀರ್ಮಾನಿಸಲಿ ಎಂದು ಸಾಫ್ಟ್‌ವೇರಿನ ಯುವಕರು ಹೇಳುತ್ತಾರೆ. ಅದಕ್ಕೂ ಒಂದು ಯಂತ್ರ ಸಿದ್ಧವಿದೆ. 1973ರಲ್ಲಿ ಲೀಗು 'ಪಾಸರ್ ರೇಟಿಂಗ್' ಎಂಬ ಸೂತ್ರವನ್ನು ಒಪ್ಪಿಕೊಂಡಿತು. ಎಸೆದದ್ದರಲ್ಲಿ ತನ್ನವರು ಹಿಡಿದದ್ದೆಷ್ಟು, ಒಂದು ಎಸೆತಕ್ಕೆ ಎಷ್ಟು ಗಜ, ಎಷ್ಟು ಟಚ್‌ಡೌನ್, ಎದುರಾಳಿಗೆ ದಾನ ಮಾಡಿದ್ದೆಷ್ಟು, ಈ ನಾಲ್ಕನ್ನೂ ಕುಟ್ಟಿ ಕಲಸಿ ಒಂದು ಅಂಕ ಕೊಡುತ್ತದೆ. ಪೂರ್ಣಾಂಕ ನೂರಲ್ಲ, 158.3. ಏಕೆಂದು ಕೇಳಬೇಡಿ, ಕೇಳಿದವರಿಗೆ ವಿವರಿಸುವವರು ಸಿಗುತ್ತಾರೆ, ಅದು ಇನ್ನೂ ಕಷ್ಟ. ಈ ಸೂತ್ರದ ಪವಾಡ ಏನೆಂದರೆ, ಕ್ವಾರ್ಟರ್‌ಬ್ಯಾಕ್ ಪಂದ್ಯವಿಡೀ ಪ್ರತಿ ಚೆಂಡನ್ನೂ ತನ್ನ ಕಾಲ ಬುಡದ ನೆಲಕ್ಕೆ ಬಡಿದರೂ 39.6 ಅಂಕ ಬರುತ್ತದೆ. ಮೂರು ವಿಷಯದಲ್ಲಿ ಸೊನ್ನೆ. ಆದರೆ ಎದುರಾಳಿಗೆ ಒಂದೂ ಕೊಡಲಿಲ್ಲವಲ್ಲ, ಆ ನಾಲ್ಕನೆಯ ವಿಷಯದಲ್ಲಿ ಪೂರ್ತಿ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯಲ್ಲಿ 35 ಬಂದರೆ ಪಾಸಾಗುತ್ತಿತ್ತು. ಏನನ್ನೂ ಮಾಡದೆ, ಯಾರಿಗೂ ತೊಂದರೆ ಕೊಡದೆ, ನಾಲ್ಕೂವರೆ ಅಂಕ ಹೆಚ್ಚಿಗೆ ಪಡೆದು ತೇರ್ಗಡೆಯಾಗುವ ಈ ವ್ಯವಸ್ಥೆ ಕಂಡಾಗ ನನ್ನ ಹೈಸ್ಕೂಲಿನ ಗಣಿತ ಮೇಷ್ಟರು ನೆನಪಾಗಿ ಮೈ ಜುಮ್ಮೆಂದಿತು.

ಇದೇ ಮಾರ್ಕ್ಸ್ ಕಾರ್ಡಿನಲ್ಲಿ ಜೋ ನೇಮಥನ ಜೀವಮಾನದ ಅಂಕ 65.5. ಎಸೆದ ಟಚ್‌ಡೌನ್ 173, ಎದುರಾಳಿಗೆ ಕೊಟ್ಟದ್ದು 220. ಆದರೂ ಅವನು ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. 1969ರ ಸೂಪರ್ ಬೌಲ್‌ಗೆ ಮೂರು ದಿನ ಮುಂಚೆ, ಎಲ್ಲರೂ ಸೋಲುತ್ತೀರಿ ಎನ್ನುತ್ತಿದ್ದಾಗ, ನಾವೇ ಗೆಲ್ಲುವುದು, ಖಾತರಿ, ಎಂದು ಸಾರಿ ಬಾಲ್ಟಿಮೋರ್ ಕೋಲ್ಟ್ಸನ್ನು 16–7ಕ್ಕೆ ಸೋಲಿಸಿದ. ಆ ಪಂದ್ಯದಲ್ಲಿ ಅವನು ಒಂದೂ ಟಚ್‌ಡೌನ್ ಎಸೆಯಲಿಲ್ಲ. ಪಂದ್ಯಶ್ರೇಷ್ಠ ಮಾತ್ರ ಅವನೇ. ಆಡಿದ ಮಾತಿಗೂ ಅಂಕ ಕೊಡುವ ಕಾಲಂ ಆ ಸೂತ್ರದಲ್ಲಿಲ್ಲದಿರುವುದು ದೊಡ್ಡ ಲೋಪ.

ಸೋತ ಕೋಲ್ಟ್ಸ್ ತಂಡದಲ್ಲೇ ಇದ್ದವನು ಜಾನಿ ಯುನೈಟಸ್. ನನಗೆ ಇವನ ಮೇಲೆ ವಿಶೇಷ ಮಮತೆ. 1955ರಲ್ಲಿ ಪಿಟ್ಸ್‌ಬರ್ಗ್ ತಂಡ ಬೇಡವೆಂದು ಕಳಿಸಿತು. ಕಟ್ಟಡದ ಕೆಲಸ ಮಾಡಿಕೊಂಡು, ಪಂದ್ಯಕ್ಕೆ ಆರು ಡಾಲರಿನಂತೆ ಸ್ಥಳೀಯ ತಂಡಕ್ಕೆ ಆಡುತ್ತಿದ್ದ. ಮರುವರ್ಷ ಕೋಲ್ಟ್ಸ್ ಸೇರಿದವನು ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಎಸೆದ. ಆ ದಾಖಲೆಯನ್ನು ಮುರಿಯಲು ಡ್ರೂ ಬ್ರೀಸ್ 2012ರಲ್ಲಿ ಬರಬೇಕಾಯಿತು. ಇಂಥವನ ರೇಟಿಂಗ್ 78.2, ಇವತ್ತು ಅಷ್ಟು ತೆಗೆದವನನ್ನು ಮೂಲೆಯ ಬೆಂಚಿನಲ್ಲಿ ಕೂರಿಸುತ್ತಾರೆ. ಕಾರಣ ಸರಳ. ಯುನೈಟಸ್ ಆಡುವಾಗ ಚೆಂಡು ಹಿಡಿಯಲು ಓಡುವವನನ್ನು ಎದುರಾಳಿ ದಾರಿಯುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. 1978ರಿಂದ ಮೊದಲ ಐದು ಗಜ ಮಾತ್ರ. 2008ರ ಮೊದಲ ಪಂದ್ಯದಲ್ಲೇ ಬ್ರೇಡಿ ಮಂಡಿಗೆ ಪೆಟ್ಟಾಗಿ ಇಡೀ ಋತು ಕಳೆದುಕೊಂಡ ಮೇಲೆ, ಕ್ವಾರ್ಟರ್‌ಬ್ಯಾಕಿನ ಕಾಲಿಗೆ ಬೀಳುವುದೂ ಅಪರಾಧ. ಯುನೈಟಸ್‌ನ ಕಾಲದಲ್ಲಿ ಅವನ ಮೂಗು ಮುರಿದರೆ ರಕ್ತ ಒರೆಸಿಕೊಂಡು ಮುಂದಿನ ಚೆಂಡು ಎಸೆಯುವುದು ವಾಡಿಕೆ. ಹೀಗಿರುವಾಗ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇನೆನ್ನುವವರು ಮೊದಲು ತಕ್ಕಡಿಯನ್ನು ತೂಗಿಸಿಕೊಂಡು ಬರಲಿ.

ಹುಬ್ಬಳ್ಳಿಯವರ ಅಳತೆಗೋಲು ಉಷ್ಣಮಾಪಕ. 1967ರ ಡಿಸೆಂಬರ್ 31, ಗ್ರೀನ್ ಬೇ. ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ರೆಫರಿಯ ಲೋಹದ ಸೀಟಿ ತುಟಿಗೆ ಅಂಟಿಕೊಂಡಿತು. ಡಲ್ಲಾಸ್ ಮೂರು ಅಂಕ ಮುಂದೆ, ಉಳಿದದ್ದು 16 ಸೆಕೆಂಡು, ಗೆರೆ ಒಂದು ಗಜಕ್ಕೂ ಕಡಿಮೆ ದೂರ. ಬಾರ್ಟ್ ಸ್ಟಾರ್ ತರಬೇತುದಾರ ವಿನ್ಸ್ ಲೊಂಬಾರ್ಡಿಯ ಬಳಿ ಹೋಗಿ ನಾನೇ ನುಗ್ಗುತ್ತೇನೆ ಎಂದ. ನುಗ್ಗು ಮಾರಾಯ, ಮುಗಿಸಿ ಇಲ್ಲಿಂದ ಹೊರಡೋಣ ಎಂಬರ್ಥದ ಉತ್ತರ ಬಂತಂತೆ. ಸ್ಟಾರ್ ನುಗ್ಗಿದ, ಗೆದ್ದ. "ಆ ಚಳಿಯೊಳಗ ನಿಮ್ಮ ಬ್ರೇಡಿ ತನ್ನ ಪಥ್ಯದ ಅವಕಾಡೊ ಐಸ್‌ಕ್ರೀಮ್ ತಿಂತಾನೇನ್ರೀ?" ಎಂದು ಹುಬ್ಬಳ್ಳಿಯವರು ಕೇಳುತ್ತಾರೆ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ 1956ರಲ್ಲಿ ಸ್ಟಾರ್ 200ನೆಯವನಾಗಿ ಆಯ್ಕೆಯಾಗಿದ್ದ. 2000ದಲ್ಲಿ ಬ್ರೇಡಿ 199ನೆಯವನು. ಅವನಿಗಿಂತ ಮೊದಲೇ ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದ್ದರು. ಶ್ರೇಷ್ಠರನ್ನು ಗುರುತಿಸುವುದಕ್ಕೇ ಸಂಬಳ ಪಡೆಯುವ ತಜ್ಞರ ಪಟ್ಟಿಯ ಕಥೆಯೇ ಹೀಗಾದರೆ ಬಿಸಿಬೇಳೆಬಾತಿನ ಸಾಲಿನವರನ್ನು ಯಾಕೆ ದೂರಬೇಕು?

ನಮ್ಮ ಮನೆಯವಳದು ಸ್ವತಂತ್ರ ಸಿದ್ಧಾಂತ. ಬ್ರೇಡಿ ಟೊಮೆಟೊ, ಬದನೆಕಾಯಿ, ಮೆಣಸಿನಕಾಯಿ ಮುಟ್ಟುವುದಿಲ್ಲ ಎಂದು ಅವನ ಅಡುಗೆಯವನೇ ಪತ್ರಿಕೆಯವರಿಗೆ ಹೇಳಿದ್ದ. "ಅಂದ್ರೆ ಸಾರು, ಎಣ್ಣೆಗಾಯಿ, ಬಜ್ಜಿ ಮೂರೂ ಬೇಡ್ವಂತೆ. ಅಂಥವರನ್ನ ಊಟಕ್ಕೆ ಕರೆದ್ರೆ ಏನು ಬಡಿಸೋದು ರೀ? ಮೊದಲನೇ ಸ್ಥಾನ ಅಂತೆ!" ಅವಳ ಮತ ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ಗೆ. ಮೂರು ಸೂಪರ್ ಬೌಲ್ ಗೆದ್ದಿದ್ದಾನೆ, ಒಂದು ಕಡೆ ನೋಡುತ್ತ ಇನ್ನೊಂದು ಕಡೆ ಎಸೆಯುತ್ತಾನೆ ಎಂಬುದಕ್ಕಲ್ಲ. ಅಮೆರಿಕನ್ನರು ಮಹಾಪಾಪವೆಂದು ತಿಳಿಯುವ ಕೆಲಸವೊಂದನ್ನು, ಸ್ಟೇಕಿನ ಮೇಲೆ ಟೊಮೆಟೊ ಕೆಚಪ್ ಸುರಿದುಕೊಳ್ಳುವುದನ್ನು, ಅವನು ಮಾಡುತ್ತಾನೆ ಎಂಬುದಕ್ಕೆ. ಮಾಂಸ ಮುಟ್ಟದ ನಮ್ಮ ಮನೆಯಲ್ಲಿ ಸ್ಟೇಕಿನ ವಿಷಯ ಗೌಣವಾಗಿ, ಕೆಚಪ್ ಮಾತ್ರ ಗಣನೆಗೆ ಬಂದಿದೆ.

ನನ್ನ ಪಟ್ಟಿಯಲ್ಲಿ ಮೊದಲನೆಯವನು ಸ್ಯಾನ್ ಫ್ರಾನ್ಸಿಸ್ಕೋದ ಜೋ ಮಾಂಟಾನಾ. ನಾಲ್ಕು ಸೂಪರ್ ಬೌಲ್ ಆಡಿದ, ನಾಲ್ಕೂ ಗೆದ್ದ. ಅಷ್ಟರಲ್ಲಿ ಎಸೆದ 122 ಚೆಂಡುಗಳಲ್ಲಿ ಒಂದೂ ಎದುರಾಳಿಯ ಕೈ ಸೇರಲಿಲ್ಲ. ಅದಕ್ಕಿಂತ ಹೆಚ್ಚಾಗಿ 1989ರ ಒಂದು ಗಳಿಗೆಗಾಗಿ ಅವನಿಗೆ ನನ್ನ ಮತ. ಸಿನ್ಸಿನಾಟಿ 16–13 ಮುಂದಿದೆ, ಉಳಿದದ್ದು ಮೂರು ನಿಮಿಷ ಚಿಲ್ಲರೆ, ಕ್ರಮಿಸಬೇಕಾದದ್ದು 92 ಗಜ. ತಂಡದವರ ಎದೆ ಡವಗುಟ್ಟುತ್ತಿದೆ. ಮಾಂಟಾನಾ ಗ್ಯಾಲರಿಯ ಕಡೆ ನೋಡಿ, ಅಲ್ಲಿ ನೋಡ್ರೋ, ಹಾಸ್ಯನಟ ಜಾನ್ ಕ್ಯಾಂಡಿ ಕೂತಿದ್ದಾನೆ ಎಂದ. ಆಮೇಲೆ ಆ 92 ಗಜವನ್ನೂ ದಾಟಿಸಿ, 34 ಸೆಕೆಂಡು ಉಳಿದಿರುವಾಗ ಗೆಲುವಿನ ಟಚ್‌ಡೌನ್ ಎಸೆದ. ಮೂರು ಸೆಕೆಂಡಿನಲ್ಲಿ ಬದುಕಬೇಕಾದವನಿಗೆ ಗ್ಯಾಲರಿ ನೋಡುವಷ್ಟು ಪುರುಸೊತ್ತು ಇದ್ದರೆ ಅವನೇ ದೊಡ್ಡವನು. ಬ್ರೇಡಿ ಎರಡನೆಯವನು, ಯುನೈಟಸ್ ಮೂರು. ನಾಲ್ಕನೆಯ ಸ್ಥಾನವನ್ನು ಮನೆಯ ಶಾಂತಿಗಾಗಿ ಮಹೋಮ್ಸ್‌ಗೆ ಕೊಟ್ಟಿದ್ದೇನೆ.

ಬಾಸ್ಟನ್ನಿನಲ್ಲಿ ಈ ಪಟ್ಟಿ ಇಟ್ಟುಕೊಂಡು ತಿರುಗಲು ಒಂದು ರಕ್ಷಾಕವಚ ಬೇಕಿತ್ತು. ಸಿಕ್ಕಿತು. ಬ್ರೇಡಿ ಹುಟ್ಟಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದ ಪಕ್ಕದ ಸ್ಯಾನ್ ಮಟೇಯೋದಲ್ಲಿ. 1982ರ ಜನವರಿಯಲ್ಲಿ ಮಾಂಟಾನಾ ಡಲ್ಲಾಸ್ ಎದುರು ಕೊನೆಯ ನಿಮಿಷದಲ್ಲಿ ಎಸೆದ ಸುಪ್ರಸಿದ್ಧ ಪಾಸನ್ನು ಕ್ಯಾಂಡಲ್‌ಸ್ಟಿಕ್ ಕ್ರೀಡಾಂಗಣದಲ್ಲಿ ಕೂತು ನೋಡಿದವರಲ್ಲಿ ಅವನೂ ಒಬ್ಬ. ಆಗ ನಾಲ್ಕು ವರ್ಷ. ಮಾಂಟಾನಾ ಅವನ ಆರಾಧ್ಯದೈವ. ಪಕ್ಕದ ಮನೆಯ ಯಜಮಾನರು, ಬಾಗಿಲಿನ ಮೇಲೆ ವರ್ಷವಿಡೀ ಪೇಟ್ರಿಯಟ್ಸ್ ಬಾವುಟ ಹಾರಿಸುವವರು, ಹಿಮ ಗೋರುತ್ತಿದ್ದಾಗ ನಾನು ಈ ಅಸ್ತ್ರ ಬಿಟ್ಟೆ: ನಿಮ್ಮ ಬ್ರೇಡಿಯೇ ಮಾಂಟಾನಾನನ್ನು ದೇವರೆಂದು ನಂಬಿದ್ದನಂತಲ್ಲ, ಸ್ವಾಮಿ?

ಅವರು ಸಲಿಕೆ ಊರಿ ನಿಂತು ಸ್ವಲ್ಪ ಯೋಚಿಸಿದರು.

"ನಾಲ್ಕು ವರ್ಷದ ಹುಡುಗ, ಏನು ಗೊತ್ತಾಗುತ್ತೆ? ಆಗಿನ್ನೂ ಅವನು ಬ್ರೇಡಿಯ ಆಟ ನೋಡಿರಲಿಲ್ಲವಲ್ಲ."