ವೆಬ್‌ಸೈಟ್ ಮಾಡಿಸಹೊರಟ ಗೌರವ ಕಾರ್ಯದರ್ಶಿಗಳಿಗೆ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಸಮಸ್ತ ಸಂಘ, ಸಭಾ, ಸಮಿತಿಗಳ ಗೌರವ ಕಾರ್ಯದರ್ಶಿಗಳೇ,

ಸಂಘಕ್ಕೊಂದು ವೆಬ್‌ಸೈಟ್ ಬೇಕೆಂದು ಸರ್ವಾನುಮತದ ಠರಾವು ಆಗಿದೆಯಂತೆ, ಅಭಿನಂದನೆಗಳು. ಅದನ್ನು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ಸೋ ಡ್ರೂಪಲ್ಲೋ ಜೂಮ್ಲಾವೋ ಎಂದು ಕಾಫಿ ಆರುವವರೆಗೆ ಚರ್ಚಿಸಿದ ಸಮಿತಿ, ಖಜಾಂಚಿಗಳ ಅಕ್ಕನ ಮಗನಿಗೆ ಯಾವುದು ಬರುತ್ತೋ ಅದೇ ಆಗಲಿ ಎಂದು ಎದ್ದಿತಂತೆ. ಇತ್ತ ಸಂಘದ ಕಂಪ್ಯೂಟರಿನಲ್ಲಿ ‘ಆಹ್ವಾನ ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಮೂರು ಫೈಲುಗಳಿವೆ. ಅಚ್ಚಾದದ್ದು ನಾಲ್ಕನೆಯದು. ಅದು ಯಾರದೋ ವಾಟ್ಸಾಪಿನಲ್ಲಿದೆ.

ಹೆಸರಿಡುವುದು ಹೇಗೆಂದು ಕಲಿಯಲು, ಠರಾವಿಗೆ ಸಹಿ ಬೀಳುವ ಮುನ್ನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆ ಒಂದು ಸುತ್ತು ಹಾಕಬಹುದು. 1928ರಿಂದ ನಿಂತಿರುವ ಮಾರುಕಟ್ಟೆ; ಕಾಲಿಟ್ಟಲ್ಲಿ ಕೆಸರು, ಕಿವಿಗಡಚಿಕ್ಕುವ ಗದ್ದಲ. ಆದರೂ ಸೇವಂತಿಗೆ ಕೇಳಿದವರನ್ನು ಯಾರೂ ಸುತ್ತಿಗೆ, ಸ್ಪ್ಯಾನರ್ ಅಂಗಡಿಗೆ ಕಳಿಸುವುದಿಲ್ಲ. ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ, ರೇಷ್ಮೆಗೆ ಚಿಕ್ಕಪೇಟೆ, ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ, ಹಾರ್ಡ್‌ಡಿಸ್ಕಿಗೆ ಎಸ್.ಪಿ. ರಸ್ತೆ. ‘ಹೊಸ ಪೇಟೆ (2)’ ಎಂಬ ಹೆಸರು ಮಾತ್ರ ಎಲ್ಲೂ ಇಲ್ಲ. ಹೊಸ ತರಗುಪೇಟೆ ಇದೆಯಲ್ಲ ಎಂದು ವಾದ ಹೂಡುವ ಉಪಾಧ್ಯಕ್ಷರು ಗಮನಿಸಬೇಕು: ಅಲ್ಲೂ ಯಾವ ಪೇಟೆಯೆಂದು ಹೇಳುವ ‘ತರಗು’ ಬಿಟ್ಟುಹೋಗಿಲ್ಲ.

ಫೈಲಿನ ಹೆಸರಿನಲ್ಲಿ ದಿನಾಂಕ ಹಾಕುವ ಶಿಸ್ತಿನ ಸಂಘಗಳೂ ಇವೆ. ಆದರೆ 15-08-2019 ಎಂದು ಬರೆದರೆ ಕಂಪ್ಯೂಟರ್ ಎಡದಿಂದ ಓದಿ, ಎಲ್ಲ ವರ್ಷಗಳ ಎಲ್ಲ ತಿಂಗಳ 15ನೇ ತಾರೀಕುಗಳನ್ನು ಒಂದೇ ಕಡೆ ಗುಡ್ಡೆ ಹಾಕುತ್ತದೆ. 2019-08-15 ಎಂದರೆ ವರ್ಷವಾರು ತಾನಾಗಿ ಸಾಲುಗಟ್ಟುತ್ತದೆ. ಇದಕ್ಕೆ ಉಪಸಮಿತಿ ಬೇಕಿಲ್ಲ.

ಇನ್ನು ಹಳೆಯ ವಾರ್ಷಿಕ ವರದಿಗಳ ಗತಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಕನ್ನಡವಲ್ಲ, ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ಮುಖವಾಡ ತೊಡಿಸುತ್ತಿದ್ದುದು ಫಾಂಟು. ವೆಬ್‌ಸೈಟಿಗೆ ಅಂಟಿಸಿದೊಡನೆ ಮುಖವಾಡ ಕಳಚಿ, ಸಂಸ್ಥಾಪಕರ ಭಾಷಣ ತಲೆಮೇಲೆ ಚುಕ್ಕೆ, ಗೀಟು ಹೊತ್ತ ಯೂರೋಪಿನ ಅಕ್ಷರಗಳಾಗಿ ಕಾಣುತ್ತದೆ. ಫಾಂಟು ಬದಲಾದರೂ ಅಕ್ಷರ ಕೆಡದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ, ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಹಳೆಯ ಕಡತಗಳನ್ನು ಅದಕ್ಕೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತಿನಲ್ಲಿ ಅವು ಎಡವುವುದುಂಟು, ಕನ್ನಡ ಬಲ್ಲವರೊಬ್ಬರು ಕೂತು ಓದಲೇಬೇಕು. ಪುಟಗಳ ಫೋಟೋ ಹೊಡೆದು ಪಿಡಿಎಫ್ ಮಾಡಿಟ್ಟರೂ ಕೆಲಸ ಮುಗಿಯಲಿಲ್ಲ: ಚಿತ್ರದೊಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ.

ಇದೆಲ್ಲ ಮುಗಿದರೆ ಆಯ್ಕೆ ಸುಲಭ. 2001ರ ಡ್ರೂಪಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಮೂರೂ ಉಚಿತ ತಂತ್ರಾಂಶಗಳೇ. ಖರ್ಚಿರುವುದು ಡೊಮೇನಿಗೆ, ಹೋಸ್ಟಿಂಗಿಗೆ, ನೋಡಿಕೊಳ್ಳುವವರಿಗೆ. ಕಾರ್ಯಕ್ರಮದ ಸುದ್ದಿ, ಫೋಟೋ ಹಾಕುವ ಸಂಘಕ್ಕೆ ವರ್ಡ್‌ಪ್ರೆಸ್ ಧಾರಾಳ ಸಾಕು. ಹಲವು ಭಾಷೆ, ಹಲವು ವಿಭಾಗ, ಯಾರು ಏನನ್ನು ತಿದ್ದಬಹುದೆಂಬ ಕಟ್ಟುನಿಟ್ಟು ಇದ್ದಲ್ಲಿ ಡ್ರೂಪಲ್. ವಿಳಾಸ ಮತ್ತು ಅಧ್ಯಕ್ಷರ ಭಾವಚಿತ್ರವಷ್ಟೇ ಇರುವುದಾದರೆ ಯಾವುದೂ ಬೇಡ, ನಾಲ್ಕು ಸಾದಾ ಪುಟ ಸಾಕು. ಪ್ಲಗಿನ್‌ಗಳನ್ನು ಕಂಡಕಂಡಲ್ಲಿ ಸಿಕ್ಕಿಸಿ ಅಪ್‌ಡೇಟ್ ಮಾಡದೆ ಬಿಟ್ಟರೆ ಕನ್ನ ಹಾಕುವವರು ಆ ಬಾಗಿಲಿನಿಂದಲೇ ಬರುತ್ತಾರೆ.

ಅಂದಹಾಗೆ, ಖಜಾಂಚಿಗಳ ಅಕ್ಕನ ಮಗ ನಾಳೆ ಅಮೆರಿಕಕ್ಕೆ ಹೊರಟರೆ ಪಾಸ್‌ವರ್ಡೂ ಅವನ ಜೊತೆ ವಿಮಾನ ಹತ್ತುತ್ತದೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರ ಫೋಟೋದ ಅಳತೆ ಚರ್ಚೆಗೆ ಬರುವ ಮೊದಲು, ಡೊಮೇನನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಬಿಡಿ.